ಟ್ಯಾಂಕಿನ ಉಸಿರು

ಮಹಾಂತೇಶ ನಗರ, ಬೆಳಗಾವಿ
ಗುರುವಾರ, ೨೧ ನವೆಂಬರ್ ೨೦೨೪

ಪ್ರೀತಿಯ ಮಗ ಸುಯೋಗನಿಗೆ ಅವ್ವ ಮಾಡುವ ಆಶೀರ್ವಾದಗಳು.

ಮೊದಲು ನಿನ್ನ ಕೈ ಹೇಗಿದೆ ಹೇಳು. ಗುಳ್ಳೆ ಒಡೆದು ಹೊಸ ಚರ್ಮ ಬರುತ್ತಿದೆ, ಡಾಕ್ಟರು ಪಟ್ಟಿ ಬಿಚ್ಚಿದ್ದಾರೆ ಎಂದು ಸೊಸೆ ಪೂನಮ್ ಫೋನಿನಲ್ಲಿ ಹೇಳಿದಳು. ಪಟ್ಟಿ ಬಿಚ್ಚಿದರೆಂದು ಬಿಸಿಲಿಗೆ ಕೈ ಒಡ್ಡಿಕೊಂಡು ಓಡಾಡಬೇಡ. ತುರಿಕೆ ಬಂದರೆ ಕೆರೆಯಬೇಡ, ಗಾಯ ಮಾಯುವುದರೊಳಗೆ ಕೆರೆದುಕೊಳ್ಳುವ ಚಟ ನಿನಗೆ ಚಿಕ್ಕಂದಿನಿಂದ ಇದೆ. ಖಾನಾಪುರದಲ್ಲಿ ನಮಗಿಂತ ಚಳಿ ಹೆಚ್ಚು, ಕಾಡಿನ ಬಾಜುವಿನ ಊರು. ತುಂಬುತೋಳಿನ ಅಂಗಿ ಹಾಕಿದರೆ ಬಟ್ಟೆ ತಾಗಿ ಉರಿಯುತ್ತದೋ, ಹಾಕದಿದ್ದರೆ ಚಳಿಗೆ ಸೆಳೆಯುತ್ತದೋ ಎಂದು ನಾನಿಲ್ಲಿ ಕೂತು ಯೋಚಿಸುತ್ತಿರುತ್ತೇನೆ. ನಿನ್ನ ಅತ್ತೆ ಒಳ್ಳೆಯ ಹೆಂಗಸು, ಅಡಿಗೆಯೂ ರುಚಿ, ಆದರೆ ಎಣ್ಣೆ ಸುರಿಯುವಾಗ ಅವರ ಕೈ ಸ್ವಲ್ಪ ಸಡಿಲ. ಗಾಯ ಒಣಗುವವರೆಗೆ ಕರಿದದ್ದು ತಿನ್ನಬೇಡ. ನಾನು ಹೇಳಿದೆನೆಂದು ಮಾತ್ರ ಅವರ ಮುಂದೆ ಹೇಳಬೇಡ, ನೀನಾಗಿಯೇ ಬೇಡವೆನ್ನು. ಅಳಿಯ ಬಂದನೆಂದು ದಿನಾ ಹೋಳಿಗೆ ಮಾಡುತ್ತಿದ್ದರೆ ತಿಳಿಸು, ನನಗೂ ಹೊಟ್ಟೆಕಿಚ್ಚು ಪಡಲು ಏನಾದರೂ ಬೇಕು.

ಇಲ್ಲಿ ನಾವು ಆರಾಮ. ನಿಮ್ಮಪ್ಪ ಉದ್ಯಮಬಾಗದ ಶೆಡ್ಡಿಗೆ ಹೋಗಿ ಬರುತ್ತಾರೆ. ನೀನು ಕೆಲಸ ಮಾಡುವ ಲೇತಿಗೆ ಹಳೆಯ ಚಾದರ ಹೊದಿಸಿ ಇಟ್ಟಿದ್ದಾರಂತೆ, ಬೇರೆ ಯಾರಿಗೂ ಮುಟ್ಟಲು ಕೊಡುವುದಿಲ್ಲವಂತೆ. ನಾನು ಕೇಳಿದರೆ ಮಾತು ತಿರುಗಿಸಿ, ಹಿತ್ತಲಿನ ನಲ್ಲಿ ಸೋರುತ್ತಿದೆ ಎನ್ನುತ್ತಾರೆ. ಪ್ರಾಚಿ ಆಫೀಸಿಗೆ ಹೋಗುತ್ತಾಳೆ, ಬರುತ್ತಾಳೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ತನ್ನ ತಟ್ಟೆ ತಾನೇ ತೊಳೆದಿಡುತ್ತಾಳೆ. ಅಣ್ಣನ ಜೊತೆ ಜಗಳ ಇಲ್ಲದೆ ಅವಳು ಇಷ್ಟು ಸಭ್ಯಳಾಗಿರುವುದನ್ನು ನೋಡಲು ನನಗೆ ಆಗುವುದಿಲ್ಲ.

ಇಪ್ಪತ್ತೈದು ಕಿಲೋಮೀಟರಿನ ದಾರಿಗೆ ಪತ್ರ ಬರೆಯುವ ಅವ್ವ ಎಂದು ನೀನು ನಗಬಹುದು. ನಗು, ಒಳ್ಳೆಯದೇ. ಫೋನು ಮಾಡಿದರೆ ಪೂನಮ್ ಎತ್ತಿ, "ಅತ್ತಿ, ಅವ್ರು ಮಲಗ್ಯಾರ್ರಿ" ಎನ್ನುತ್ತಾಳೆ. ಮುಂಜಾನೆ ಮಾಡಿದರೂ ಮಲಗಿರುತ್ತೀ, ಸಂಜೆ ಮಾಡಿದರೂ ಮಲಗಿರುತ್ತೀ. ಪಾಪ, ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳುವ ಮೊದಲು ಒಂದು ಸಲ ಕೆಮ್ಮುತ್ತಾಳೆ. ಹೋದ ವಾರ ಒಂದು ದಿನ ನೀನೇ ಎತ್ತಿದೆ. ಆಗ ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ಅದನ್ನು ಬಿಟ್ಟು, ಊಟ ಆಯಿತೇ, ಏನು ಪಲ್ಯ ಎಂದು ಕೇಳಿ ಫೋನು ಇಟ್ಟುಬಿಟ್ಟೆ. ಅದಕ್ಕೇ ಈಗ ಕಾಗದ ಹಿಡಿದು ಕೂತಿದ್ದೇನೆ. ಮೂರನೆಯ ಮನೆಯ ರಾಮಲಿಂಗ ಮಾಸ್ತರರು ದಿನಾ ಖಾನಾಪುರದ ಸಾಲಿಗೆ ಹೋಗುತ್ತಾರಲ್ಲ, ನಾಳೆ ಮುಂಜಾನೆ ಅವರ ಕೈಯಲ್ಲಿ ಕಳಿಸುತ್ತೇನೆ. ಏಳನೆಯ ಇಯತ್ತೆಯವರೆಗೆ ಸಾಲಿ ಕಲಿತವಳ ಅಕ್ಷರ, ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊ.

ನೀನು ರೇಸಿನ ಗಾಡಿಗೆ ಪೆಟ್ರೋಲಿನ ಟ್ಯಾಂಕು ಕೂಡಿಸಿದ ದಿನಗಳ ಸುದ್ದಿಯಿಂದ ಶುರು ಮಾಡುತ್ತೇನೆ. ಗೊತ್ತಿದ್ದದ್ದನ್ನೇ ಹೇಳುತ್ತಾಳಲ್ಲ ಎನ್ನಬೇಡ. ನನಗೆ ಎಷ್ಟು ಗೊತ್ತಿತ್ತು ಎಂಬುದು ನಿನಗೆ ಮೊದಲು ತಿಳಿಯಬೇಕು, ಆಮೇಲೆ ಉಳಿದದ್ದು. ಆ ಹಳೆಯ ಎಸ್ಟೀಮ್ ಕಾರನ್ನು ತಂದು ಹಿತ್ತಲಲ್ಲಿ ನಿಲ್ಲಿಸಿದಾಗ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಎರಡು ಗಾಡಿ ಬಾಜು ಬಾಜು ನಿಂತು, ನೆಟ್ಟಗಿನ ರಸ್ತೆಯಲ್ಲಿ ಓಡಿ, ಒಲೆಯ ಮೇಲಿನ ಹಾಲು ಕಾಯುವುದರೊಳಗೆ ಮುಗಿದುಹೋಗುವ ಆಟಕ್ಕೆ ಇಷ್ಟೊಂದು ತಯಾರಿಯೇ ಎಂದು ನಾನೂ ಗೊಣಗಿದ್ದೆ. ಡ್ರ್ಯಾಗ್ ರೇಸ್ ಎಂಬ ಹುಚ್ಚು ಮೊದಲು ನಿನ್ನದು, ತಂಗಿಗೆ ಅಂಟಿದ್ದು ಆಮೇಲೆ. ಗಾಡಿ ನಡೆಸುವವಳು ಪ್ರಾಚಿ ಎಂದು ತಿಳಿದಾಗ ನಿಮ್ಮಪ್ಪ ಊಟದ ತಟ್ಟೆಯ ಮುಂದೆ ಮಾತು ಬಿಟ್ಟರು. ಆದರೆ ನೀನು ಮಾಡುವ ಕೆಲಸ ನೋಡುತ್ತ ನೋಡುತ್ತ ಅವರೇ ಹಿತ್ತಲಿಗೆ ಕುರ್ಚಿ ಹಾಕಿಸಿಕೊಂಡರು. ಬಂದವರಿಗೆಲ್ಲ ಚಹಾ ಕುಡಿಸಿ, ಮಗನ ವೆಲ್ಡಿಂಗ್ ತೋರಿಸುತ್ತಿದ್ದರು. ಅದು ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಇಲ್ಲದಾಗ ತೋರಿಸುತ್ತಿದ್ದರು.

ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದೆ. ನಾನು ಕೇಳಿದ್ದಕ್ಕೂ ಕೇಳದ್ದಕ್ಕೂ ನೀನು ಉತ್ತರ ಕೊಡುತ್ತಿದ್ದೆ. ಗಾಡಿಯ ಮೂಲ ಟ್ಯಾಂಕು ಬಿಚ್ಚಿ ಹಾಕಿ, ಅದರ ಬದಲು ತಂದ ಕರಿಯ ಪೆಟ್ಟಿಗೆಗೆ ಫ್ಯೂಯಲ್ ಸೆಲ್ ಎನ್ನುತ್ತಾರೆ ಎಂದೆ. ಹೊರಗೆ ಲೋಹದ ಪೆಟ್ಟಿಗೆ, ಒಳಗೆ ರಬ್ಬರಿನ ಚೀಲ, ಚೀಲದ ತುಂಬ ಸ್ಪಂಜು. ಗಾಡಿ ಜಿಗಿದಾಗ ಪೆಟ್ರೋಲು ತುಳುಕಬಾರದು, ಪೆಟ್ಟಿಗೆ ಜಜ್ಜಿದರೂ ಚೀಲ ಹರಿಯಬಾರದು. ಇಷ್ಟು ಗಟ್ಟಿ ಇದ್ದಮೇಲೆ ಡಿಕ್ಕಿಯ ತಗಡಿಗೆ ಸುಮ್ಮನೆ ನಾಲ್ಕು ಬೋಲ್ಟು ಹಾಕಿದರೆ ಆಯಿತಲ್ಲ ಎಂದು ನಾನು ಕೇಳಿದ್ದೆ. ನೀನು ನನ್ನ ಕೈಯಿಂದ ಮೊರ ಕಸಿದುಕೊಂಡು, ಜೋಳದ ಮೇಲೆ ಹಿತ್ತಾಳೆಯ ಸೇರು ಇಟ್ಟು, ಒಮ್ಮೆ ಜಾಡಿಸಿದೆ. ಸೇರು ಹಾರಿ ಗೋಡೆಗೆ ಬಡಿಯಿತು, ಜೋಳ ಅಂಗಳದ ತುಂಬ. "ತಗಡು ಅಂದ್ರ ಮರಾ ಇದ್ದಂಗಬೇ, ಭಾರ ಹಿಡ್ಯಾಂಗಿಲ್ಲ" ಎಂದೆ. ಪಾಠ ಹೇಳಿದವನು ನೀನು, ಜೋಳ ಆರಿಸಿದವಳು ನಾನು.

ಅದಕ್ಕೇ ನೀನು ಚೌಕ ಪೈಪಿನಿಂದ ತೊಟ್ಟಿಲಿನಂಥ ಚೌಕಟ್ಟು ಮಾಡಿ, ಗಾಡಿಯ ಅಡಿಯಲ್ಲಿರುವ ದಪ್ಪ ಉಕ್ಕಿಗೇ ಅದನ್ನು ಬೆಸೆದೆ. ಪೆಟ್ಟಿಗೆ ಅದರೊಳಗೆ ಕೂತಿತು. ಮೇಲೆ ಎರಡು ಉಕ್ಕಿನ ಪಟ್ಟಿ ಬಿಗಿದು, ಪಟ್ಟಿ ಪೆಟ್ಟಿಗೆಯನ್ನು ತಿಕ್ಕದಂತೆ ನಡುವೆ ರಬ್ಬರು ಇಟ್ಟೆ. ಬೋಲ್ಟು ನೆಲದ ತಗಡನ್ನು ದಾಟುವಲ್ಲೆಲ್ಲ ಕೆಳಗಿನಿಂದ ಅಂಗೈಯಗಲದ ದಪ್ಪ ಪಟ್ಟಿ ಕೊಟ್ಟೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಟ್ಯಾಂಕಿಗಿಂತ ಮೊದಲು ಬೇರೆಯದು ಮುರಿಯಲಿ ಎಂದು ಬಂಪರಿನಿಂದ ಒಂದು ಮೊಳ ಒಳಗೆ ಇಟ್ಟೆ. ಪೆಟ್ಟಿಗೆಯ ತಳ ನೆಲಕ್ಕೆ ತಾಗುವಷ್ಟು ಕೆಳಗೆ ಬರಬಾರದೆಂದು ಅಂಗಳದಲ್ಲಿ ಮಲಗಿ ಮಲಗಿ ನೋಡಿದೆ. ಕಿಡಿ ಹಾರದಿರಲಿ ಎಂದು ಪೆಟ್ಟಿಗೆಯಿಂದ ಗಾಡಿಯ ಮೈಗೆ ಒಂದು ತಂತಿ ಎಳೆದೆ. ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಡಿಕ್ಕಿಗೂ ಪ್ರಾಚಿಯ ಸೀಟಿಗೂ ನಡುವೆ ನೀನು ನಿಲ್ಲಿಸಿದ ಉಕ್ಕಿನ ಗೋಡೆ. ನನ್ನನ್ನು ಸೀಟಿನಲ್ಲಿ ಕೂಡಿಸಿ, ಕಿಟಕಿಗೆಲ್ಲ ಕಂಬಳಿ ಇಳಿಬಿಟ್ಟು, ನೀನು ಡಿಕ್ಕಿಯೊಳಗೆ ಟಾರ್ಚು ಹಾಕಿ, "ಎಲ್ಲ್ಯಾರ ಬೆಳಕ ಕಾಣತೈತೇನಬೇ" ಎಂದು ಕೇಳಿದೆ. ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಬೆಳಕು ಕಂಡಿತು. ತೋರಿಸಿದೆ, ನೀನು ಮುಚ್ಚಿದೆ. ಮಗಳ ಗಾಡಿಯಲ್ಲಿ ನನ್ನ ಕಣ್ಣಿನ ಕೆಲಸವೂ ಇದೆ ಎಂದು ಅವತ್ತು ಬಸದಿಯಲ್ಲಿ ಹೆಂಗಸರ ಮುಂದೆಲ್ಲ ಹೇಳಿಕೊಂಡು ತಿರುಗಿದೆ.

ಕೊನೆಗೆ ಉಳಿದದ್ದು ಉಸಿರಿನ ಕೊಳವೆ. ಪೆಟ್ರೋಲು ಖಾಲಿಯಾದಷ್ಟು ಗಾಳಿ ಒಳಗೆ ಹೋಗಬೇಕು, ಕಾದು ಉಬ್ಬಿದಷ್ಟು ಹೊರಗೆ ಬರಬೇಕು. ಅದಕ್ಕಾಗಿ ಟ್ಯಾಂಕಿನ ನೆತ್ತಿಯಿಂದ ಒಂದು ಕೊಳವೆ ಮೇಲೇರಿಸಿ, ಒಂದು ಸುತ್ತು ಬಳಸಿ, ಎಡಗಡೆಯ ಹಿಂದಿನ ಗಾಲಿಯ ಹತ್ತಿರ ಬಾಯಿ ಕೆಳಗೆ ಮಾಡಿ ಬಿಟ್ಟೆ. ಗಾಡಿ ಮಗುಚಿದರೆ ಪೆಟ್ರೋಲು ಸುರಿಯದಂತೆ ಅದರಲ್ಲಿ ಒಂದು ಗುಂಡು ಇದೆ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿಸಿದೆ. "ಇದರ ಬಾಯಿ ಮುಚ್ಚಿದ್ರ ಟ್ಯಾಂಕಿಗೆ ದಮ್ ಹತ್ತತೈತಿ" ಎಂದೂ ಹೇಳಿದ್ದೆ. ತಮ್ಮಾ, ನೀನು ಹೇಳಿದ್ದೆ. ನಾನು ಕೇಳಿದ್ದೆ. ಇದನ್ನು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ.

ದೀಪಾವಳಿ ಮುಗಿದ ವಾರ, ಓಡಿಸಿ ನೋಡಲು ಸಾಂಬ್ರಾಕ್ಕೆ ಗಾಡಿ ಒಯ್ಯುವ ಹಿಂದಿನ ದಿನ, ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮಣ್ಣಿನ ಗೂಡು ಕಟ್ಟುವ ಹುಳ ಒಂದು ಆ ಕೊಳವೆಯ ಬಾಯಿಯ ಸುತ್ತ ಹಾರುತ್ತಿತ್ತು. ಒಳಗೆ ಹೊಗುವುದು, ಹೊರಗೆ ಬರುವುದು. ಓಡಿಸಿದರೆ ಮತ್ತೆ ಬರುತ್ತಿತ್ತು. ಒಳಗೆ ಇಳಿದರೆ ಪೆಟ್ರೋಲಿನ ಹಬೆಗೆ ಸತ್ತೇ ಹೋಗುತ್ತದೆ, ಗೂಡು ಕಟ್ಟಿ ಮರಿಯಿಟ್ಟರೆ ಆ ಪಾಪ ಬೇರೆ. ನಮ್ಮ ಮನೆಯಲ್ಲಿ ನಲ್ಲಿಯ ಬಾಯಿಗೂ ಬಟ್ಟೆ, ಕೊಡದ ಬಾಯಿಗೂ ಬಟ್ಟೆ. ಸೋಸಿದಮೇಲೆ ಬಟ್ಟೆಯಲ್ಲಿ ಉಳಿದ ಜೀವವನ್ನು ಮತ್ತೆ ಬಾವಿಗೇ ಬಿಟ್ಟು ಬರುತ್ತಿದ್ದ ಅತ್ತೆಯ ಕೈಕೆಳಗೆ ಬಾಳುವೆ ಮಾಡಿದವಳು ನಾನು. ಕೈ ತಾನಾಗಿಯೇ ಹೋಯಿತು. ನೀರು ಸೋಸುವ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಕೊಳವೆಯ ಬಾಯಿಗೆ ದಾರ ಸುತ್ತಿ ಕಟ್ಟಿದೆ. ನಿನ್ನ ಮಾತು ನೆನಪಾಯಿತು. ಆದರೆ ಇದು ಮುಚ್ಚಿದಂತೆ ಅಲ್ಲವಲ್ಲ, ನೀರೇ ದಾಟುವ ಬಟ್ಟೆ, ಗಾಳಿ ದಾಟದೇ ಎಂದುಕೊಂಡೆ. ನಿನಗೆ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ನೀನು ಬಿಚ್ಚು ಎನ್ನುತ್ತೀ ಎಂಬುದು ಒಳಗೊಳಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಮರುದಿನ ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿ ಗಾಡಿ ಎಳೆದುಕೊಂಡು ಹೋದಿರಿ. ಹಿಂದಿನ ರಾತ್ರಿ ಮಳೆ ಬಿದ್ದು ಸಾಂಬ್ರಾದ ಆಚೆಯ ಹೊಸ ಬಡಾವಣೆಯ ದಾರಿ ಪೂರ್ತಿ ಕೆಂಪು ರಾಡಿ. ನಾನು ನಿಮ್ಮಪ್ಪನ ಜೊತೆ ಬುತ್ತಿ ತೆಗೆದುಕೊಂಡು ಬರುವಷ್ಟರಲ್ಲಿ ಬಿಸಿಲು ಬಿದ್ದು ಗಾಲಿಯ ಮೇಲಿನ ರಾಡಿಯೆಲ್ಲ ಒಣಗಿ ಹೆಂಟೆಯಾಗಿತ್ತು. ಬಟ್ಟೆಗೂ ಅದೇ ಆಗಿರಬೇಕು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಪ್ರಾಚಿ ಓಡಿಸಿದಳು, ಅರ್ಧ ದಾರಿಯಲ್ಲಿ ಗಾಡಿ ಕೆಮ್ಮಿ ನಿಂತಿತು. ತಿರುಗಿಸಿ ತಂದು ಬಿಸಿಲಲ್ಲಿ ನಿಲ್ಲಿಸಿದಿರಿ. ಅವಳು ಇನ್ನೂ ಬೆಲ್ಟು ಬಿಚ್ಚಿರಲಿಲ್ಲ. ನೀನು ಡಿಕ್ಕಿ ತೆರೆದು, ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಪೆಟ್ರೋಲು ಚಿಮ್ಮಿ ನಿನ್ನ ಕೈಮೇಲೆ ಬಿತ್ತು, ಕೈಯಿಂದ ಕಾದ ಸೈಲೆನ್ಸರಿನ ಮೇಲೆ ಇಳಿಯಿತು. ಆಮೇಲೆ ಕಂಡದ್ದನ್ನು ಬರೆಯಲಾರೆ. ಬೆಂಕಿ ಹಿಂದೆಯೇ ನಿಂತಿತು, ಮುಂದೆ ಬರಲಿಲ್ಲ. ಸಾಸಿವೆಕಾಳಿನಷ್ಟೂ ಸಂದಿ ಬಿಡದೆ ನೀನು ನಿಲ್ಲಿಸಿದ್ದ ಗೋಡೆ ಅದನ್ನು ತಡೆಯಿತು. ಮಗಳ ಒಂದು ಕೂದಲೂ ಕೊಂಕಲಿಲ್ಲ. ಉರಿಯುವ ಕೈಯಿಂದಲೇ ನೀನು ಬೆಂಕಿ ಆರಿಸುವ ಡಬ್ಬಿ ಹಿಡಿದು ಆರಿಸಿದೆ.

ನಿಮ್ಮಪ್ಪ ಪ್ರಾಚಿಯನ್ನು ಹೊರಗೆ ಎಳೆದು ನಿಲ್ಲಿಸಿ, ಅವಳ ಮೈಕೈ ಮುಟ್ಟಿ ನೋಡಿ, ಆಮೇಲೆ ನಿನ್ನ ಕಡೆ ತಿರುಗಿದರು. "ಒಂದ ಟ್ಯಾಂಕ ಕೂಡ್ಸಾಕ ಬರೂದಿಲ್ಲೇನು ನಿನಗ? ತಂಗಿನ್ನ ಸುಟ್ಟ ಹಾಕತಿದ್ದಿ." ಅಷ್ಟು ಜನರ ಎದುರು. ನೀನು ಕೈಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು, ಉಸಿರಿನ ಕೊಳವೆ ಎಲ್ಲೋ ಕಟ್ಟಿರಬೇಕು, ನೋಡುತ್ತೇನೆ ಎಂದೆ. ನಾನು ಗಾಡಿಯ ಎಡಗಡೆಗೇ ನಿಂತಿದ್ದೆ. ಸುಯೋಗಾ, ನೀನು ಎದ್ದು ಬರುವುದರೊಳಗೆ ನಾನು ಬಗ್ಗಿದೆ. ಆ ಬಟ್ಟೆ ಕುಂಬಾರನ ಮಣ್ಣಿನ ಮುದ್ದೆಯ ಹಾಗೆ ಗಟ್ಟಿಯಾಗಿತ್ತು. ದಾರ ಹರಿದು, ಕಿತ್ತು, ಸೆರಗಿನೊಳಗೆ ಸೇರಿಸಿಕೊಂಡೆ. ಎಲ್ಲರೂ ನಿಮ್ಮಪ್ಪನ ಬಾಯಿ ನೋಡುತ್ತಿದ್ದರು, ನನ್ನನ್ನು ಯಾರೂ ನೋಡಲಿಲ್ಲ. ನೀನು ಬಂದು ಬಗ್ಗಿ ನೋಡಿದೆ. ಬೆರಳು ಹಾಕಿ ನೋಡಿದೆ. "ತೆರದ ಐತಿ" ಎಂದೆ. ಸುಟ್ಟ ಕೈಯನ್ನು ಮತ್ತೆ ಬಕೆಟ್ಟಿಗೆ ಇಳಿಸಿ, "ಅಂದ್ರ ನಂದ ತಪ್ಪು" ಎಂದೆ. ನಾನು ಎರಡು ಮಾರು ದೂರದಲ್ಲಿ ನಿಂತು ಅದನ್ನು ಕೇಳಿದೆ.

ಕಟ್ಟಿದ್ದು ತಿಳಿಗೇಡಿತನ. ತಿಳಿಗೇಡಿತನಕ್ಕೆ ಯಾರಾದರೂ ಮಾಫಿ ಕೊಟ್ಟಾರು. ಕಿತ್ತು ಮುಚ್ಚಿಟ್ಟೆನಲ್ಲ, ಅದಕ್ಕೆ ನನಗೇ ನನ್ನ ಮುಖ ನೋಡಲು ಆಗುವುದಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ದಿನಾ ಕೇಳಿಕೊಳ್ಳುತ್ತೇನೆ. ನಿಮ್ಮಪ್ಪನ ದನಿಗೆ ಹೆದರಿದೆ, ಅದು ಒಂದು. ಅಕ್ಕಾತಾಯಿ ಪೆಟ್ರೋಲಿನ ಕೊಳವೆಗೆ ನೀರು ಸೋಸುವ ಬಟ್ಟೆ ಕಟ್ಟಿದಳಂತೆ ಎಂದು ಬಸದಿಯ ಹೆಂಗಸರು ವರ್ಷಗಟ್ಟಲೆ ಆಡಿಕೊಂಡು ನಗುತ್ತಾರೆ ಎಂಬುದೂ ಆ ಗಳಿಗೆಯಲ್ಲಿ ತಲೆಗೆ ಬಂತು. ಮಗನ ಕೈ ಸುಟ್ಟು ನೀರಿನಲ್ಲಿದೆ, ತಾಯಿಗೆ ಹೆಂಗಸರ ನಗುವಿನ ಚಿಂತೆ. ಒಂದು ಹುಳದ ಜೀವಕ್ಕೆ ಅಷ್ಟು ಮರುಗಿದವಳು ನಿನ್ನ ಮುಖ ಬಾಡಿದ್ದನ್ನು ನೋಡುತ್ತ ಸುಮ್ಮನೆ ನಿಂತೆ. ನೀನು ಮರುದಿನ ಚೀಲ ತುಂಬಿ, ಇನ್ನು ಗಾಡಿ ಮುಟ್ಟುವುದಿಲ್ಲ ಎಂದು ಹೇಳಿ, ಪೂನಮ್‌ಳನ್ನು ಕರೆದುಕೊಂಡು ಮಾವನ ಮನೆಗೆ ಹೊರಟಾಗಲೂ, ಬಸ್ಸಿನಲ್ಲಿ ತಿನ್ನಲು ಚಪಾತಿ ಕಟ್ಟಿಕೊಟ್ಟೆನೇ ಹೊರತು ಬಾಯಿ ಬಿಡಲಿಲ್ಲ. ನನಗೆ ಬಹಳ ನಾಚಿಕೆಯಾಗಿದೆ ತಮ್ಮಾ. ಭಾದ್ರಪದದಲ್ಲಿ ಕ್ಷಮಾವಾಣಿಯ ದಿನ ಓಣಿಯವರಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿದ್ದರೆ ಕ್ಷಮಿಸಿ ಎಂದು ಹೇಳಿ ಬಂದೆ. ಎಷ್ಟು ಸಲೀಸಾಗಿ ಹೇಳಿದ್ದೆ. ತಿಳಿದು ಮಾಡಿದ ಒಂದು ತಪ್ಪು ಕೈಯಲ್ಲಿ ಇರುವಾಗ ಆ ಮಾತು ಬಾಯಿಯಿಂದ ಹೊರಡುವುದಿಲ್ಲ. ಇದನ್ನು ಮುಂದಿನ ಕ್ಷಮಾವಾಣಿಯವರೆಗೆ ಇಟ್ಟುಕೊಳ್ಳಲು ನನ್ನಿಂದಾಗದು.

ಇಷ್ಟೇ ಆಗಿದ್ದರೆ ಇನ್ನೂ ನಾಲ್ಕು ದಿನ ಹೇಡಿಯಾಗಿಯೇ ಇರುತ್ತಿದ್ದೆನೋ ಏನೋ. ಆದರೆ ಬರುವ ಆದಿತ್ಯವಾರ ಕೊಲ್ಹಾಪುರದ ಆಚೆ ರೇಸು ಇದೆಯಲ್ಲ, ಪ್ರಾಚಿ ಅದಕ್ಕೆ ಹೋಗುತ್ತಾಳೆ. ಈಗ ಹೋಗದಿದ್ದರೆ ಅಂಜಿಕೆ ಮೈಯೊಳಗೆ ಕೂತುಬಿಡುತ್ತದೆ ಎನ್ನುತ್ತಾಳೆ. ನೀನು ಕೂಡಿಸಿದ್ದೇ ತಪ್ಪು ಎಂದು ನಿಮ್ಮಪ್ಪ ನಂಬಿದ್ದಾರೆ, ನೀನೇ ಹಾಗೆಂದಮೇಲೆ ಅವರು ನಂಬದೆ ಏನು ಮಾಡಿಯಾರು. ಬಾಜುವಿನ ಶೆಡ್ಡಿನ ಈರಣ್ಣನನ್ನು ಕರೆಸಿ, ಮಗ ಮಾಡಿದಂತೆ ಮಾತ್ರ ಬೇಡ, ಬೇರೆ ರೀತಿ ಮಾಡು ಎಂದರು. ಈರಣ್ಣ ಒಳ್ಳೆಯವನು. ಟ್ರ್ಯಾಕ್ಟರಿನ ಟ್ರಾಲಿಗೆ ಅವನನ್ನು ಮೀರಿಸುವವರಿಲ್ಲ. ಆದರೆ ಇದನ್ನೂ ಅವನು ಟ್ರಾಲಿಯ ಹಾಗೆಯೇ ಮಾಡಿದ. ನಿನ್ನ ಚೌಕಟ್ಟು ಕತ್ತರಿಸಿ ತೆಗೆದ. ಹಿಂದೆ ಇದ್ದದ್ದಕ್ಕೇ ಬೆಂಕಿ ಹತ್ತಿತೆಂದು ಟ್ಯಾಂಕನ್ನು ಮುಂದೆ ತರಲು ನಿನ್ನ ಉಕ್ಕಿನ ಗೋಡೆಯಲ್ಲಿ ಕಿಟಕಿಯಷ್ಟು ಕೊಯ್ದ. ಈಗ ಟ್ಯಾಂಕು ಪ್ರಾಚಿಯ ಸೀಟಿನ ಬೆನ್ನಿಗೇ ಇದೆ, ನೆಲದ ತಗಡಿಗೆ ನಾಲ್ಕು ಬೋಲ್ಟು, ಕೆಳಗೆ ಪಟ್ಟಿಯಿಲ್ಲ, ಸಣ್ಣ ವಾಷರು ಅಷ್ಟೇ. ಮೇಲೆ ಕರಿಯ ರಬ್ಬರಿನ ಚಾಪೆ ಹೊದಿಸಿದ್ದಾರೆ. ಅಲ್ಲಿ ತಪಾಸಣೆ ಮಾಡುವವರು ಚಾಪೆ ಎತ್ತಿ ನೋಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಅವನು ಗೋಡೆ ಕೊಯ್ಯುವಾಗ ನಾನು ಅದೇ ಕಟ್ಟೆಯ ಮೇಲೆ ಕೂತಿದ್ದೆ. ಯಾಕಪ್ಪಾ ಅದನ್ನು ಕೊಯ್ಯುತ್ತೀ ಎಂದು ಕೇಳಿದೆ. "ಅಕ್ಕಾರ, ಹಿಂದ ಇದ್ರ ಧೋಕಾ ಐತ್ರಿ. ಅಣ್ಣಾರು ಹೇಳ್ಯಾರ" ಎಂದ. ಆ ಗೋಡೆಯೇ ಮಗಳನ್ನು ಉಳಿಸಿದ್ದು ಎನ್ನಬೇಕಿತ್ತು. ಎಂದರೆ, ಹಾಗಾದರೆ ಬೆಂಕಿ ಯಾಕೆ ಹತ್ತಿತು ಎಂಬ ಪ್ರಶ್ನೆ ಬರುತ್ತದೆ. ನಾನು ಮೊರ ಎತ್ತಿಕೊಂಡು ಒಳಗೆ ಬಂದೆ. ನಿನ್ನೆ ಪ್ರಾಚಿ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡು ನೋಡಿದಳು. ಮೊಣಕೈ ಹಿಂದೆ ಸರಿಸಿದರೆ ಟ್ಯಾಂಕಿಗೆ ತಾಗುತ್ತದೆ. "ಅವ್ವಾ, ಈಗ ಒಳಗ ಪೆಟ್ರೋಲ ವಾಸನಿ ಬರತೈತಿ" ಎಂದು ನಕ್ಕಳು, ರೇಸಿನ ಗಾಡಿ ಅಂದರೆ ಹಾಗೆಯೇ ಇರಬೇಕು ಎನ್ನುವವಳ ಹಾಗೆ. ಎಳ್ಳಷ್ಟು ಬೆಳಕು ಬರದ ಗೋಡೆಯಲ್ಲಿ ಈಗ ನನ್ನ ತಲೆ ತೂರುವಷ್ಟು ಕಿಂಡಿ ಇದೆ, ಅದನ್ನು ಕೊಯ್ಯಿಸಿದ್ದು ನನ್ನ ಮೌನ. ಬಟ್ಟೆ ಕಟ್ಟಿ ಒಂದು ಸಲ ಅವಳನ್ನು ಬೆಂಕಿಯ ಬಾಜು ಕೂಡಿಸಿದೆ, ಬಾಯಿ ಕಟ್ಟಿಕೊಂಡು ಎರಡನೆಯ ಸಲ ಕೂಡಿಸುತ್ತಿದ್ದೇನೆ.

ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳಬೇಕಿತ್ತು, ಕಳೆದುಕೊಂಡವನು ನೀನು. ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಮಗಳನ್ನು ಉರಿಯುವ ಗಾಡಿಯಲ್ಲಿ ಕಂಡ ಮನುಷ್ಯನ ಬಾಯಿಂದ ಏನು ಬಂದರೂ ಅದು ಅಂಜಿಕೆಯ ಮಾತು. ನಿನ್ನ ಚೌಕಟ್ಟಿನ ತುಂಡುಗಳನ್ನು ಗುಜರಿಗೆ ಹಾಕಲು ಅವರು ಬಿಟ್ಟಿಲ್ಲ, ನೀರಿನ ಟಾಕಿಯ ಹಿಂದೆ ಗೋಣಿಚೀಲದಲ್ಲಿ ಇಟ್ಟಿದ್ದಾರೆ. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ. ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ, ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಲದು. ನಿನ್ನ ಕೈ ನಂಬಬಹುದಾದ ಕೈ. ನಂಬಬಾರದ ಕೈ ಈ ಮನೆಯಲ್ಲಿ ನನ್ನದು. ವಾಪಸು ಬಾ ಎಂದು ಕರೆಯಲು ನನಗೆ ಮುಖವಿಲ್ಲ. ನೀನು ಎಷ್ಟು ದಿನ ಮಾತು ಬಿಟ್ಟರೂ ನಾನು ಸೈರಿಸಬೇಕಾದದ್ದೇ.

ನಿನ್ನ ಅತ್ತೆ ಮಾವನಿಗೆ ಜಯ ಜಿನೇಂದ್ರ ತಿಳಿಸು. ಪೂನಮ್‌ಗೆ, ನನ್ನ ಸಲುವಾಗಿ ಇನ್ನು ಸುಳ್ಳು ಹೇಳುವ ತೊಂದರೆ ಬೇಡ ಎಂದು ಹೇಳು. ಔಷಧ ಹಚ್ಚುವುದು ತಪ್ಪಿಸಬೇಡ. ಎಲ್ಲಿದ್ದರೂ ಹೊತ್ತು ಮುಳುಗುವುದರೊಳಗೆ ಊಟ ಮಾಡು, ನಿನ್ನ ಕೈ ಮೊದಲಿನ ಹಾಗೆ ಆಗಲಿ, ನಿನ್ನ ಮನಸ್ಸು ಮೊದಲಿಗಿಂತ ಗಟ್ಟಿಯಾಗಲಿ.

ನಿನ್ನ ಅವ್ವ,
ಅಕ್ಕಾತಾಯಿ

ತಾ.ಕ. ಶುಕ್ರವಾರ ಮುಂಜಾನೆ. ಮಾಸ್ತರರು ಗೇಟಿನಲ್ಲಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಮುಖವಿಲ್ಲ ಎಂದು ಮೇಲೆ ಬರೆದೆ, ಆದರೂ ಕರೆಯುತ್ತೇನೆ, ಇವತ್ತೇ ಬಾ. ನಾಳೆ ನಸುಕಿನಲ್ಲಿ ಗಾಡಿ ಹೇರುತ್ತಾರೆ. ಪತ್ರದ ಜೊತೆ ಒಂದು ಡಬ್ಬಿ ಕಳಿಸಿದ್ದೇನೆ, ಅದರಲ್ಲಿ ಮೇಲಿರುವ ಅವಲಕ್ಕಿ ಪೂನಮ್‌ಗೆ. ಅದರ ಕೆಳಗೆ ಕಾಗದದಲ್ಲಿ ಸುತ್ತಿದ್ದು ಎರಡು ಇವೆ. ಒಂದು ಆ ಬಟ್ಟೆ, ಒಗೆಯದೆ ಹಾಗೆಯೇ ಇಟ್ಟಿದ್ದೇನೆ, ನೀನೇ ನೋಡು. ಇನ್ನೊಂದು ಟ್ಯಾಂಕಿನ ಮುಚ್ಚಳ. ನಿನ್ನೆ ಸಂಜೆ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಹೋಗಿ ಬಿಚ್ಚಿದೆ. ಅಂಥದ್ದು ಬೆಳಗಾವಿಯಲ್ಲಿ ಸಿಗುವುದಿಲ್ಲ ಎಂದು ನೀನೇ ಹೇಳಿದ್ದೆಯಲ್ಲ. ಗಾಡಿ ಹೇರುವುದಕ್ಕೆಂದು ಪೆಟ್ರೋಲು ತೆಗೆದಿದ್ದಾರೆ, ಟ್ಯಾಂಕು ಖಾಲಿ ಇದೆ, ಈ ಸಲ ಬಾಯಿಗೆ ಏನೂ ಕಟ್ಟಿಲ್ಲ. ನೀನು ಆ ಮುಚ್ಚಳ ತಂದು, ಗೋಣಿಚೀಲದ ಚೌಕಟ್ಟು ಮತ್ತೆ ಬೆಸೆದು, ಗೋಡೆ ಮುಚ್ಚಿ, ನನ್ನನ್ನು ಸೀಟಿನಲ್ಲಿ ಕೂಡಿಸಿ ಟಾರ್ಚು ಹಾಕುವವರೆಗೆ ಆ ಗಾಡಿಯಲ್ಲಿ ಪ್ರಾಚಿ ಕೂಡುವುದು ಬೇಡ. ಈ ರೇಸು ಹೋದರೆ ಹೋಗಲಿ. ಹಿತ್ತಲಲ್ಲಿ ನಿಮ್ಮಪ್ಪನ ದನಿ ಏರಿದೆ, ಮುಚ್ಚಳ ಎಲ್ಲಿ ಕಳೆದೆ ಎಂದು ಈರಣ್ಣನಿಗೆ ಬೈಯುತ್ತಿದ್ದಾರೆ. ಅವನು, ನಾ ಮುಟ್ಟಿಲ್ರಿ, ನಾ ಮುಟ್ಟಿಲ್ರಿ ಎನ್ನುತ್ತಿದ್ದಾನೆ. ಪತ್ರ ಮಾಸ್ತರರ ಕೈಗೆ ಕೊಟ್ಟು ನಾನು ಹಿತ್ತಲಿಗೆ ಹೋಗುತ್ತೇನೆ.